ಗಟಾರದ ನೀರಿನ್ಯಾಗ ರೋಗದ ಸುಳಿವು: ನಗರಕ್ಕೆ ಸಿಕ್ಕಿದ್ದು ಚೌಡಾಪುರಕ್ಕೆ ಸಿಗುವುದು ಹೇಗೆ?

ಚೌಡಾಪುರ: 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ಕೊರೊನಾ ಇತ್ತು ಎಂಬುದು ಖಚಿತವಾಗಿದ್ದು ಮಾರ್ಚ್ 12ಕ್ಕೆ. ದೇಶದ ಮೊದಲ ಕೊರೊನಾ ಸಾವು ಅದು. ಮನುಷ್ಯ ಹೋದ ಮೇಲೆ ರಿಪೋರ್ಟ್ ಬಂತು.

ಜ್ವರ ಬಂದು, ದವಾಖಾನೆಗೆ ಹೋಗಿ, ಸ್ಯಾಂಪಲ್ ಕೊಟ್ಟು, ರಿಪೋರ್ಟ್ ಬರೋ ತನಕ ರೋಗ ಕಾಯ್ಕೊಂಡು ಕೂಡೋದಿಲ್ಲ. ಅದಕ್ಕೂ ಮೊದಲೇ ಸುಳಿವು ಸಿಗುವ ಜಾಗ ಒಂದಿದೆ. ಅದು ಊರಿನ ಹೊಲಸು ನೀರು. ಪೋಲಿಯೊ, ಕೊರೊನಾ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ, ಮಕ್ಕಳ ವಾಂತಿಭೇದಿಗೆ ಕಾರಣವಾಗುವ ರೋಟಾ ವೈರಸ್, ಇವೆಲ್ಲ ಸೋಂಕು ತಗುಲಿದವರ ಮಲದಲ್ಲಿ ಹೊರಬರುತ್ತವೆ. ಎಷ್ಟೋ ಸಲ ಮೈಯಲ್ಲಿ ಏನೂ ಕಾಣಿಸಿಕೊಳ್ಳುವ ಮೊದಲೇ.

ಇದು ಕೊರೊನಾ ಕಾಲದಲ್ಲಿ ಹುಟ್ಟಿದ ಉಪಾಯ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಪೋಲಿಯೊ ಸೋಂಕು ತಗುಲಿದ ಸುಮಾರು 200 ಮಕ್ಕಳಲ್ಲಿ ಒಂದಕ್ಕೆ ಮಾತ್ರ ಕೈಕಾಲು ಸೋಲುತ್ತದೆ. ಆ ಒಂದು ಮಗು ಕಣ್ಣಿಗೆ ಬೀಳುವಷ್ಟರಲ್ಲಿ ವೈರಸ್ ಓಣಿ ಓಣಿ ಸುತ್ತಿ ಬಂದಿರುತ್ತದೆ. ಅದಕ್ಕೇ 2001ರಲ್ಲಿ ಮುಂಬೈಯಲ್ಲಿ ಚರಂಡಿ ನೀರಿನ ಪೋಲಿಯೊ ಪರೀಕ್ಷೆ ಶುರುವಾಯಿತು. ನಮಗೆ ಹತ್ತಿರದ ಉದಾಹರಣೆ ಹೈದರಾಬಾದ್. 2016ರಲ್ಲಿ ಅಲ್ಲಿನ ಅಂಬರಪೇಟೆಯ ಕೊಳಚೆ ನೀರಿನಲ್ಲಿ, ಲಸಿಕೆಯ ವೈರಸ್ಸೇ ರೂಪ ಬದಲಿಸಿದ ಟೈಪ್ 2 ಪೋಲಿಯೊ ಸಿಕ್ಕಿತು. ಒಂದು ಮಗುವಿಗೂ ರೋಗ ಕಂಡಿರಲಿಲ್ಲ. ಆದ್ರೂ ಜೂನ್‌ನಲ್ಲಿ ಹೈದರಾಬಾದ್, ರಂಗಾರೆಡ್ಡಿ ಭಾಗದ ಲಕ್ಷಾಂತರ ಮಕ್ಕಳಿಗೆ ಚುಚ್ಚುಮದ್ದು ಹಾಕಲಾಯಿತು. ರೋಗಿ ಇಲ್ಲದೆಯೇ ರೋಗ ತಡೆದದ್ದು ಅಂದ್ರೆ ಇದು.

ಅದೇ ಹೈದರಾಬಾದ್‌ನಲ್ಲಿ 2020ರ ಆಗಸ್ಟ್‌ನಲ್ಲಿ ಸಿಸಿಎಂಬಿ ಮತ್ತು ಐಐಸಿಟಿ ವಿಜ್ಞಾನಿಗಳು ಕೊಳಚೆ ನೀರು ಪರೀಕ್ಷಿಸಿ, ನಗರದ ಸುಮಾರು 6.6 ಲಕ್ಷ ಜನರಿಗೆ ಕೊರೊನಾ ತಗುಲಿರಬಹುದು ಎಂದು ಅಂದಾಜು ಹೇಳಿದರು. ಆಗ ಇಡೀ ತೆಲಂಗಾಣದ ಅಧಿಕೃತ ಲೆಕ್ಕವೇ ಒಂದು ಲಕ್ಷದ ಆಸುಪಾಸಿನಲ್ಲಿತ್ತು. ಬೆಂಗಳೂರಿನಲ್ಲಿ 2022ರಲ್ಲಿ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು, ಸುಮಾರು 1.1 ಕೋಟಿ ಜನರ ನಡುವೆ ಒಮಿಕ್ರಾನ್ ಹೇಗೆ ಓಡಾಡುತ್ತಿದೆ ಎಂದು ನೋಡಿದರು. ಒಬ್ಬರ ಮೂಗಿಗೂ ಕಡ್ಡಿ ಹಾಕದೆ.

ಕೆಲಸ ನಡೆಯೋದು ಹೀಗೆ. ಘಟಕಕ್ಕೆ ಬರುವ ನೀರನ್ನು ಬಾಟಲಿಯಲ್ಲಿ ಹಿಡಿದು, ಐಸ್ ಡಬ್ಬಿಯಲ್ಲಿಟ್ಟು ಲ್ಯಾಬ್‌ಗೆ ಒಯ್ಯುತ್ತಾರೆ. ಕಸ ಸೋಸಿ, ವೈರಸ್ ಅಂಶವನ್ನು ಸ್ವಲ್ಪ ನೀರಿನಲ್ಲಿ ಒಟ್ಟುಗೂಡಿಸಿ, ಆರ್‌ಟಿ-ಪಿಸಿಆರ್ ಯಂತ್ರಕ್ಕೆ ಹಾಕುತ್ತಾರೆ. ಕೊರೊನಾದಲ್ಲಿ ಎಲ್ಲರಿಗೂ ಪರಿಚಯವಾದ ಅದೇ ಪರೀಕ್ಷೆ. ಆದರೆ ಮಳೆ ಬಂದ್ರೆ ನೀರು ತೆಳುವಾಗಿ ವೈರಸ್ ಕಡಿಮೆ ಕಾಣುತ್ತದೆ, ರೋಗ ಇಳಿದಿರುವುದಿಲ್ಲ. ಈ ಮೋಸ ತಿಳಿಯಲು ಹಲವು ಲ್ಯಾಬ್‌ಗಳು ಮೆಣಸಿನಕಾಯಿ ಗಿಡದ ಒಂದು ವೈರಸ್ಸನ್ನು ಅಳೆಯುತ್ತವೆ. ಖಾರದ ಜೊತೆ ಹೊಟ್ಟೆಗೆ ಹೋಗಿ ಮಲದಲ್ಲಿ ಹೊರಬರುವ ಇದು ಮನುಷ್ಯನಿಗೆ ರೋಗ ತರುವುದಿಲ್ಲ. ಅದರ ಪ್ರಮಾಣ ನೋಡಿದ್ರೆ ನೀರಿನಲ್ಲಿ ಮನುಷ್ಯರ ಮಲ ಎಷ್ಟಿದೆ ಅಂತ ಗೊತ್ತಾಗುತ್ತದೆ. ಕಲ್ಯಾಣ ಕರ್ನಾಟಕದ ಊಟಕ್ಕೆ ಈ ಲೆಕ್ಕ ತಪ್ಪಲಿಕ್ಕಿಲ್ಲ.

ಈಗ ನಮ್ಮೂರಿಗೆ ಬರೋಣ. ಚೌಡಾಪುರ ಕಲಬುರಗಿ–ಅಫಜಲಪುರ ದಾರಿಯಲ್ಲಿದೆ. ಪಕ್ಕದಲ್ಲೇ ದೇವಲ ಗಾಣಗಾಪುರ. ಹುಣ್ಣಿಮೆಗೆ, ದತ್ತ ಜಯಂತಿಗೆ ಮಹಾರಾಷ್ಟ್ರದಿಂದಲೂ ಜನ ಬಂದು ಭೀಮಾ–ಅಮರ್ಜಾ ಸಂಗಮದಲ್ಲಿ ಮುಳುಗೇಳುತ್ತಾರೆ. ಎರಡು ರಾಜ್ಯದ ಜನ ಸೇರುವ ಇಂಥ ಕಡೆ ಮುನ್ಸೂಚನೆ ಸಿಕ್ಕರೆ ಲಾಭ ಹೆಚ್ಚು. ತೊಡಕು ಏನಂದ್ರೆ, ಬೆಂಗಳೂರಿನ ಪದ್ಧತಿ ನಿಂತಿರುವುದು ಒಳಚರಂಡಿಯ ಮೇಲೆ. ಸಾವಿರಾರು ಮನೆಯ ನೀರು ಒಂದೇ ಕೊಳವೆಗೆ ಬಂದ್ರೆ ಒಂದು ಬಾಟಲಿ ಸಾಕು. ಹಳ್ಳಿಗಳಲ್ಲಿ ಪಾಯಖಾನೆ ನೀರು ಮನೆ ಹಿಂದಿನ ಗುಂಡಿಗೆ ಹೋಗುತ್ತದೆ, ತೆರೆದ ಗಟಾರದಲ್ಲಿ ಹರಿಯುವುದು ಹೆಚ್ಚಾಗಿ ಬಚ್ಚಲ ನೀರು, ಮುಸುರೆ ನೀರು. ಅದರಲ್ಲಿ ವೈರಸ್ ಸಿಗದಿದ್ರೆ ಊರಲ್ಲಿ ರೋಗ ಇಲ್ಲ ಅನ್ನೋ ಹಾಗಿಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಬಸ್ ನಿಲ್ದಾಣ, ಯಾತ್ರಿ ನಿವಾಸ, ಹಾಸ್ಟೆಲ್‌ಗಳ ಸಾಮೂಹಿಕ ಶೌಚಾಲಯದ ಗುಂಡಿಯಿಂದ ಮಾದರಿ ತೆಗೆಯಬಹುದು. ಗುಂಡಿ ಖಾಲಿ ಮಾಡುವ ಟ್ಯಾಂಕರ್‌ನಿಂದಲೂ ತೆಗೆಯಬಹುದು, ಆದ್ರೆ ಗುಂಡಿ ತುಂಬಲು ವರ್ಷಗಳೇ ಬೇಕು, ಆ ಕೆಸರು ಹೇಳೋದು ಹಳೆ ಸುದ್ದಿ. ಇದ್ದುದರಲ್ಲಿ ಜಾತ್ರೆ ದಿನಗಳ ಸಾರ್ವಜನಿಕ ಶೌಚಾಲಯವೇ ವಾಸಿ. ಡೆಂಗಿಯಂಥ ಸೊಳ್ಳೆ ಜ್ವರಕ್ಕೆ ಈ ಪರೀಕ್ಷೆಯನ್ನು ಇನ್ನೂ ನೆಚ್ಚಿಕೊಳ್ಳುವಂತಿಲ್ಲ.

ಊರಿನ ನೀರಿನಲ್ಲಿ ವೈರಸ್ ಸಿಕ್ತು ಅಂದ ಕೂಡಲೇ ಯಾರ ಮನೆಯದು ಅಂತ ಹುಡುಕಿಕೊಂಡು ಹೋಗುವವರೂ ಇರುತ್ತಾರೆ. ಬಾಟಲಿಗೆ ಅದು ಗೊತ್ತಿಲ್ಲ, ಅದರಲ್ಲಿ ಎಲ್ಲರ ನೀರೂ ಬೆರೆತಿರುತ್ತದೆ. ರಿಪೋರ್ಟ್ ಬಂದ ಮೇಲೆ ಆಗಬೇಕಾದ ಕೆಲಸ ಬೇರೆ: ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಲಸಿಕೆ ತಪ್ಪಿದ ಮಕ್ಕಳನ್ನು ಪಟ್ಟಿ ಮಾಡುವುದು, ಪಂಚಾಯಿತಿಯವರು ಕುಡಿಯುವ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಗಟಾರದ ಪಕ್ಕ ಹಾದುಹೋಗುವ ನಳದ ಪೈಪ್ ಎಲ್ಲಿ ಒಡೆದಿದೆ ಅಂತ ನೋಡುವುದು.