ಸ್ನೇಹ ಕ್ಲಿನಿಕ್: ಹದಿಹರೆಯದ ಮಕ್ಕಳು ಯಾರನ್ನು ಕೇಳಬೇಕು?

ಶಾಲೆಯಲ್ಲೇ ಮಕ್ಕಳಿಗೆ ಗರ್ಭನಿರೋಧಕ ಒದಗಿಸುವ ಪದ್ಧತಿ ಕೆಲವು ಪಾಶ್ಚಾತ್ಯ ದೇಶಗಳಲ್ಲಿದೆ. ನಮ್ಮಲ್ಲಿಲ್ಲ. ಲೈಂಗಿಕ ಶಿಕ್ಷಣಕ್ಕೇ 2007ರಲ್ಲಿ ಕರ್ನಾಟಕ ಸಹಿತ ಹಲವು ರಾಜ್ಯಗಳು ತಡೆಯೊಡ್ಡಿದ್ದವು. ಹಾಗಾದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹೈಸ್ಕೂಲು ಮಕ್ಕಳು ಯಾರನ್ನು ಕೇಳಬೇಕು?

2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರಿಗೆ ಮೀಸಲು. ಸರಕಾರಿ ಆಸ್ಪತ್ರೆಗಳಲ್ಲಿರುವ ಇದರ ಸಮಾಲೋಚನಾ ಕೇಂದ್ರಕ್ಕೆ ನಮ್ಮ ರಾಜ್ಯದಲ್ಲಿ 'ಸ್ನೇಹ ಕ್ಲಿನಿಕ್' ಎಂದು ಹೆಸರು. ಮುಟ್ಟಿನ ತೊಂದರೆ, ರಕ್ತಹೀನತೆ, ಲೈಂಗಿಕ ಸೋಂಕು, ಗರ್ಭನಿರೋಧ ಎಲ್ಲದರ ಬಗ್ಗೆಯೂ ಇಲ್ಲಿ ಉಚಿತ ಸಲಹೆ ಪಡೆಯಬಹುದು. ಆದರೆ ಹಳ್ಳಿಯ ಹುಡುಗಿಯೊಬ್ಬಳು ಬಸ್ಸು ಹತ್ತಿ ತಾಲೂಕು ಆಸ್ಪತ್ರೆಗೆ ಒಬ್ಬಳೇ ಬಂದಾಳೇ? ಪರಿಚಯದವರು ಕಂಡರೆ ಊರೆಲ್ಲ ಸುದ್ದಿ!

ಕಾನೂನಿನ ಭಯವೂ ಇದೆ. 2012ರ ಪೋಕ್ಸೋ ಕಾಯಿದೆಯಂತೆ 18 ತುಂಬದವರ ಒಪ್ಪಿಗೆಗೆ ಮಾನ್ಯತೆಯಿಲ್ಲ. ವಿಷಯ ತಿಳಿದ ವೈದ್ಯರು, ಶಿಕ್ಷಕರು ಪೊಲೀಸರಿಗೆ ತಿಳಿಸಲೇಬೇಕು. ಹೀಗಾಗಿ ಗರ್ಭಿಣಿಯಾದ ಬಾಲೆಯನ್ನು ಮನೆಯವರು ಬಚ್ಚಿಡುತ್ತಾರೆ, ಇಲ್ಲವೇ ಅವಸರದಲ್ಲಿ ಮದುವೆ ಮಾಡುತ್ತಾರೆ. ಕರ್ನಾಟಕದಲ್ಲಿ ಅಂಥ ಮದುವೆ ಆರಂಭದಿಂದಲೇ ಅಸಿಂಧು. ಗರ್ಭಪಾತ ಕೋರುವ ಬಾಲಕಿ ಹಾಗೂ ಪೋಷಕರು ಬಯಸಿದರೆ ವೈದ್ಯರು ಪೊಲೀಸರಿಗೆ ಆಕೆಯ ಹೆಸರು ಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಗರ್ಭಪಾತವನ್ನು ಧರ್ಮಸಭೆ ಒಪ್ಪದು. ಆದರೆ ಮಗುವಿನ ಗುಟ್ಟು ಕಾಯಬೇಕೆಂಬ ಮಾತು ಸರಿಯೇ.

ಕೃತಕ ಗರ್ಭನಿರೋಧವನ್ನೂ ಧರ್ಮಸಭೆ 1968ರಲ್ಲಿ ನಿರಾಕರಿಸಿತು, ನಿಜ. ಅದಕ್ಕೂ ಮುಂಚೆ, 1965ರಲ್ಲೇ, ಮಕ್ಕಳಿಗೆ ವಯಸ್ಸಿಗೆ ತಕ್ಕ ವಿವೇಕದ ಲೈಂಗಿಕ ಶಿಕ್ಷಣ ಕೊಡಿರೆಂದು ವ್ಯಾಟಿಕನ್ ಮಹಾಸಭೆ ಹೇಳಿತ್ತು. ಇದನ್ನು ಮಾತ್ರ ನಾವು ಮರೆತಂತಿದೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಅದನ್ನು 'ಮನೆಯಲ್ಲೇ ಓದಿಕೊಳ್ಳಿ' ಎನ್ನದೆ ಪಾಠ ಮಾಡಿದ ದಿನ, ಸ್ನೇಹ ಕ್ಲಿನಿಕ್ ಎಲ್ಲಿದೆಯೆಂದೂ, ಮಕ್ಕಳ ಸಹಾಯವಾಣಿ 1098 ಎಂದೂ ಶಿಕ್ಷಕರು ಬೋರ್ಡಿನ ಮೇಲೆ ಬರೆಯಬಹುದು.