ವಿದ್ಯುನ್ನಾದದ ಓನಾಮ

ವೀಣೆಯನ್ನು ಮೊದಲ ಬಾರಿಗೆ ಮಡಿಲಲ್ಲಿರಿಸಿಕೊಂಡವನಿಗೆ ಇಂಪಾದ ಒಂದು ಸ್ವರ ಹೊರಡುವುದೇ ಬಹುಕಾಲದವರೆಗೆ ದುರ್ಲಭ. ವಿದ್ಯುನ್ಮಾನ ಸಂಗೀತವನ್ನು ಅಭ್ಯಾಸಮಾಡಹೊರಟವನ ಸ್ಥಿತಿಯಾದರೋ ಇದಕ್ಕೆ ತೀರ ವಿಪರೀತ. ಕಂಪ್ಯೂಟರಿನಲ್ಲಿ ತಂತ್ರಾಂಶವನ್ನು ತೆರೆದೊಡನೆಯೇ, ನುರಿತವರು ಹದಗೊಳಿಸಿಟ್ಟ ಸಾವಿರಾರು ಸಿದ್ಧಧ್ವನಿಗಳೂ ತಾಳದ ತುಣುಕುಗಳೂ ಅವನ ಅಪ್ಪಣೆಗಾಗಿ ಕಾದಿರುತ್ತವೆ. ನಾಲ್ಕಾರನ್ನು ಆಯ್ದು ಜೋಡಿಸಿದರೆ ಕೇಳಲು ಹಿತವಾದದ್ದೇನೋ ಹೊರಡುತ್ತದೆ. ಅದರ ಬೆನ್ನಿಗೇ, ಇದರಲ್ಲಿ ನನ್ನದೆಂಬುದು ಯಾವುದು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಬೇರೆ ವಿದ್ಯೆಗಳಲ್ಲಿ ವರ್ಷಗಳ ಸಾಧನೆಯ ತರುವಾಯ ಕಾಡುವ ಸ್ವಂತಿಕೆಯ ಚಿಂತೆ ಇಲ್ಲಿ ಹೊಸ್ತಿಲಲ್ಲಿಯೇ ಎದುರಾಗುತ್ತದೆ.

ಈ ಕಲೆಯ ಹುಟ್ಟನ್ನು ನೆನೆದರೆ ಆ ಪ್ರಶ್ನೆಗೆ ಉತ್ತರದ ದಾರಿ ತೋರೀತು. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿ ಇಂಜಿನಿಯರಾಗಿದ್ದ ಪಿಯೆರ್ ಶೆಫರ್ ಅವರು ರೈಲುನಿಲ್ದಾಣವೊಂದಕ್ಕೆ ಹೋಗಿ, ಉಗಿಬಂಡಿಗಳ ಸಿಳ್ಳನ್ನೂ ಗಾಲಿಗಳ ಸದ್ದನ್ನೂ ಮುದ್ರಿಸಿಕೊಂಡು ಬಂದು, ಗ್ರಾಮಫೋನ್ ತಟ್ಟೆಯ ಗೀರನ್ನು ಮುಂದಕ್ಕೆ ಸಾಗದಂತೆ ಮುಚ್ಚಿ, ಒಂದೇ ಶಬ್ದಖಂಡವು ತಿರುತಿರುಗಿ ನುಡಿಯುವಂತೆ ಮಾಡಿದರು. ಇಂದು ಪ್ರತಿಯೊಬ್ಬ ಹೊಸಬನೂ ಉಪಯೋಗಿಸುವ ಲೂಪಿನ ಪೂರ್ವಜ ಆ ಮುಚ್ಚಿದ ಗೀರು. ಅನತಿಕಾಲದಲ್ಲಿಯೇ ಜರ್ಮನಿಯ ಕೊಲೋನ್ ರೇಡಿಯೋ ನಿಲಯದಲ್ಲಿ, ಹೊರಗಣ ಯಾವ ಶಬ್ದದ ಹಂಗೂ ಇಲ್ಲದೆ, ವಿದ್ಯುತ್ತಿನಿಂದ ಹುಟ್ಟಿದ ಶುದ್ಧನಾದಗಳನ್ನೇ ಒಂದರ ಮೇಲೊಂದು ಪೇರಿಸುವ ಪ್ರಯೋಗಗಳು ನಡೆದವು. ಲೋಕದಿಂದ ಹಿಡಿದು ತಂದ ಶಬ್ದ ಒಂದು, ಯಂತ್ರದಲ್ಲಿ ಉತ್ಪನ್ನವಾದ ಶಬ್ದ ಇನ್ನೊಂದು. ಈ ಎರಡು ತೊರೆಗಳೇ ಇಂದಿನ ತಂತ್ರಾಂಶಗಳಲ್ಲಿ ಸ್ಯಾಂಪ್ಲರ್, ಸಿಂಥಸೈಜರ್ ಎಂಬ ಹೆಸರುಗಳಿಂದ ಹರಿಯುತ್ತಿವೆ.

ಸ್ವಂತಿಕೆಯ ಪ್ರಶ್ನೆಗೆ ಮರಳುವುದಾದರೆ, ಪುರಂದರದಾಸರು ಹಾಕಿಕೊಟ್ಟರೆಂದು ನಮ್ಮ ಪರಂಪರೆ ಹೇಳುವ ಮಾಯಾಮಾಳವಗೌಳದ ಸರಳೆವರಸೆಯನ್ನು ಹಾಡುವ ಮಗುವಿನಲ್ಲಿ ಸ್ವಂತಿಕೆಯಿಲ್ಲವೆಂದು ಯಾರೂ ಆಕ್ಷೇಪಿಸರು. ಶ್ರುತಿ ನಿಂತು ಲಯ ಕೂಡಿದ ಮೇಲೆ ಮನೋಧರ್ಮಕ್ಕೆ ಎಡೆಯುಂಟೆಂಬುದು ಎಲ್ಲರೂ ಬಲ್ಲ ಮಾತು. ಸಿಂಥಸೈಜರಿಗೂ ಅಂಥ ಸರಳೆಗಳುಂಟು. ಆಸಿಲೇಟರು ನಾದದ ಮೂಲದ್ರವ್ಯವನ್ನು ಒದಗಿಸುತ್ತದೆ. ಅದರ ಗರಗಸದ ಹಲ್ಲಿನಾಕಾರದ ಅಲೆಯಲ್ಲಿ, ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯುಳ್ಳ ಉಪಸ್ವರಗಳೆಲ್ಲ ಕಿಕ್ಕಿರಿದಿರುವುದರಿಂದ ಅದು ಕರ್ಕಶವಾಗಿ ಮೊರೆಯುತ್ತದೆ. ಫಿಲ್ಟರು ಮೇಲಿನ ಉಪಸ್ವರಗಳನ್ನು ಕಳೆಯುತ್ತ ಬಂದಂತೆ ಅದೇ ನಾದ ಮೃದುವಾಗಿ, ಕೊನೆಗೆ ಮಂಕಾಗುತ್ತದೆ. ಎನ್ವಲಪ್ ಎಂಬುದು ನಾದವು ಹೇಗೆ ಏಳಬೇಕು, ಹೇಗೆ ಇಳಿಯಬೇಕು, ಎಷ್ಟರಲ್ಲಿ ನಿಲ್ಲಬೇಕು, ಬೆರಳೆತ್ತಿದ ಮೇಲೆ ಹೇಗೆ ಅಳಿಯಬೇಕು ಎಂಬುದನ್ನು ವಿಧಿಸುತ್ತದೆ. ಥಟ್ಟನೆ ಎದ್ದರೆ ತಂತಿ ಮೀಟಿದಂತೆಯೂ, ಮೆಲ್ಲನೆ ಎದ್ದರೆ ಕಮಾನು ಎಳೆದಂತೆಯೂ ಕಿವಿಗೆ ತೋರುತ್ತದೆ. ಸಿದ್ಧಧ್ವನಿಗಳ ಭಂಡಾರವನ್ನು ಮುಚ್ಚಿಟ್ಟು ಈ ಮೂರರಲ್ಲಿಯೇ ಕೆಲವು ತಿಂಗಳು ಕಳೆದ ವಿದ್ಯಾರ್ಥಿಯು, ಮುಂದೆ ಯಾವ ಸಿದ್ಧಧ್ವನಿಯನ್ನು ಕೇಳಿದರೂ ಅದು ಏತರಿಂದ ಆಯಿತೆಂದು ಊಹಿಸಬಲ್ಲನು, ತನಗೆ ಬೇಕಾದಂತೆ ಅದನ್ನು ತಿದ್ದಿಕೊಳ್ಳಬಲ್ಲನು.

ಒಂದೇ ಶಬ್ದದ ಎದುರು ಹೀಗೆ ತಾಳ್ಮೆಯಿಂದ ಕುಳಿತವರಲ್ಲಿ ನಾನು ಬಹಳವಾಗಿ ಗೌರವಿಸುವವರು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿದ್ದ ಡೀಲಿಯಾ ಡರ್ಬಿಶೈರ್. ಕೇಂಬ್ರಿಡ್ಜಿನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದ ಈ ಮಹಿಳೆ, ರಾನ್ ಗ್ರೇನರ್ ಬರೆದುಕೊಟ್ಟ ‘ಡಾಕ್ಟರ್ ಹೂ’ ಧಾರಾವಾಹಿಯ ರಾಗಕ್ಕೆ 1963ರಲ್ಲಿ ನಾದರೂಪ ಕೊಟ್ಟಾಗ ಅಲ್ಲಿ ಸಿಂಥಸೈಜರೆಂಬುದೇ ಇರಲಿಲ್ಲ. ಮೀಟಿದ ತಂತಿಯ ಸದ್ದನ್ನೂ ಪರೀಕ್ಷಾಯಂತ್ರಗಳ ಆಸಿಲೇಟರುಗಳ ಕೂಗನ್ನೂ ಟೇಪಿಗೆ ಇಳಿಸಿ, ಒಂದೊಂದು ಸ್ವರವನ್ನೂ ಅದರ ಕಾಲಪ್ರಮಾಣಕ್ಕೆ ಸರಿಯಾದ ಉದ್ದಕ್ಕೆ ಅಳೆದು ಕತ್ತರಿಸಿ, ಒಂದಕ್ಕೊಂದು ಅಂಟಿಸಿ ಆ ಕೆಲಸವನ್ನು ಪೂರೈಸಿದರು. ಆಕೆಗೆ ಪ್ರಿಯವಾದ ಹಸಿರು ಬಣ್ಣದ ಲೋಹದ ದೀಪದ ಮುಸುಕೊಂದಿತ್ತು. ಅದನ್ನು ಬಡಿದು ಮುದ್ರಿಸಿಕೊಂಡು, ಬಡಿತದ ಮೊದಲ ಆಘಾತವನ್ನು ತೆಗೆದುಹಾಕಿ, ಉಳಿದ ಅನುರಣನವನ್ನು ಮಾತ್ರ ಇಟ್ಟುಕೊಂಡು, ಅದರೊಳಗಿನ ಉಪಸ್ವರಗಳನ್ನು ವಿಂಗಡಿಸಿ ಆಸಿಲೇಟರುಗಳಿಂದ ಮರಳಿ ಕಟ್ಟಿದರು. ಮರುಭೂಮಿಯ ಟುವಾರೆಗ್ ಜನರನ್ನು ಕುರಿತ ಚಿತ್ರಕ್ಕಾಗಿ ಹೊರಟ ಆ ತೇಲುವ ನಾದವು ಒಂದು ದೀಪದ ಮುಸುಕಿನದೆಂದು ಕೇಳಿದವರು ಯಾರೂ ಊಹಿಸಲಾರರು. ಈ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಯೂ ಮಾಡಿ ನೋಡಬಹುದು: ಮನೆಯ ಹಿತ್ತಾಳೆಯ ತಟ್ಟೆಯನ್ನೊಮ್ಮೆ ಬಡಿದು ಫೋನಿನಲ್ಲಿ ಮುದ್ರಿಸಿಕೊಂಡು, ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಅದರ ಆರಂಭದ ಅಂಶವನ್ನು ಕತ್ತರಿಸಿದರೆ, ಉಳಿಯುವ ನಾದವು ಯಾವ ಭಂಡಾರದಲ್ಲಿಯೂ ದೊರೆಯದು.

ಭಾರತದಲ್ಲಿಯೂ ಈ ಕಲೆಗೆ ಹಿರಿದಾದ ಚರಿತ್ರೆಯಿದೆ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರಿನ ಸ್ಟುಡಿಯೋ ಒಂದನ್ನು ಅಣಿಗೊಳಿಸಿದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ಟೇಪುಗಳಲ್ಲಿ ಮೂಡಿಸಿದ ರಚನೆಗಳು ದಶಕಗಳ ಕಾಲ ಅಲ್ಲಿನ ಸಂಗ್ರಹದಲ್ಲಿಯೇ ಉಳಿದಿದ್ದು, 2023ರಲ್ಲಿ ಲೋಕಕ್ಕೆ ಲಭ್ಯವಾದವು. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ ಅವರ ಕಥೆ ಇನ್ನೂ ಸ್ವಾರಸ್ಯಕರ. ಒಂಟಿ ಗಾಯಕರಿಗೋ ಗಿಟಾರ್ ವಾದಕರಿಗೋ ಮಂದ್ರದ ಪಕ್ಕವಾದ್ಯವಾಗಲೆಂದು ಜಪಾನಿನ ರೋಲಂಡ್ ಕಂಪನಿ ಮಾಡಿದ ಟಿಬಿ-303 ಎಂಬ ಪುಟ್ಟ ಯಂತ್ರದಲ್ಲಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯವಿತ್ತು. ಸಿಂಗ್ ಅವರು ಅದನ್ನು ಹಿಂದೂಸ್ತಾನಿ ರಾಗಗಳಿಗೆ ಹೊಂದಿಸಿ, ಡಿಸ್ಕೋ ಲಯದ ಮೇಲೆ ಹತ್ತು ರಾಗಗಳ ಒಂದು ತಟ್ಟೆಯನ್ನು 1982ರಲ್ಲಿ ಮುದ್ರಿಸಿದರು. ಅದೇ ಯಂತ್ರದಿಂದ ಶಿಕಾಗೋ ನಗರದ ತರುಣರು ‘ಆಸಿಡ್ ಹೌಸ್’ ಎಂಬ ಪ್ರಕಾರವನ್ನು ಹುಟ್ಟಿಸಿದ್ದು ಅದಕ್ಕೂ ಕೆಲವು ವರ್ಷಗಳ ಅನಂತರ. ಇವರ ತಟ್ಟೆಯನ್ನು ಜಗತ್ತು ಮತ್ತೆ ಕೈಗೆತ್ತಿಕೊಂಡದ್ದು 2010ರ ಮರುಮುದ್ರಣದಿಂದ. ಹೊಸ ಪ್ರಕಾರವೊಂದನ್ನು ಸ್ಥಾಪಿಸುವೆನೆಂದು ಅವರೇನೂ ಹೊರಟಿರಲಿಲ್ಲ. ಕಿವಿಯಲ್ಲಿ ಆಗಲೇ ನೆಲಸಿದ್ದ ರಾಗವನ್ನು ಕೈಗೆ ಬಂದ ಯಂತ್ರದಲ್ಲಿ ಕೇಳಬೇಕೆಂದು ಬಯಸಿದರು, ಅಷ್ಟೆ.

ಆದಕಾರಣ ಕನ್ನಡದ ವಿದ್ಯಾರ್ಥಿಯು ಗಮನಿಸತಕ್ಕ ಸಂಗತಿಯೊಂದಿದೆ. ಇಂಥ ತಂತ್ರಾಂಶಗಳು ಸಾಮಾನ್ಯವಾಗಿ ನಾಲ್ಕು ಮಾತ್ರೆಯ ಲಯದಲ್ಲಿ, ನಿಮಿಷಕ್ಕೆ 120 ಬಡಿತದ ವೇಗದಲ್ಲಿ, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಸ್ವರಗಳಲ್ಲಿ ತೆರೆದುಕೊಳ್ಳುತ್ತವೆ. ಹೊಸಬನು ಅದೇ ಚೌಕದೊಳಗೆ ಸೊಗಸಾದ ನಾಲ್ಕು ಆವರ್ತಗಳನ್ನು ಕಟ್ಟಿ, ಅದನ್ನೇ ಸಾರಿ ಸಾರಿ ಕೇಳುತ್ತ, ಮುಂದಕ್ಕೆ ಹೋಗಲಾರದೆ ಉಳಿಯುತ್ತಾನೆ. ಮಿಶ್ರಚಾಪಿನ ಏಳನ್ನು ಮೂರು ನಾಲ್ಕಾಗಿ ಒಡೆದು ಲಯವನ್ನು ಹಾಕಿಕೊಂಡರೆ ಚೌಕ ತಾನಾಗಿಯೇ ಮುರಿದು, ಮುಂದಿನ ಹೆಜ್ಜೆಯನ್ನು ಕೇಳುತ್ತದೆ.

ಗಮಕದ ಮಾತು ಇದಕ್ಕಿಂತ ಕಠಿನ. ಸ್ವರವನ್ನು ಬಾಗಿಸುವ ಚಕ್ರವೊಂದು ಕೀಬೋರ್ಡಿನ ಎಡಭಾಗದಲ್ಲಿದ್ದು, ವಾಡಿಕೆಯಂತೆ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನಗಳಷ್ಟು ಹೊರಳುತ್ತದೆ. ತೋಡಿಯ ಗಾಂಧಾರವನ್ನು ಅದರ ಮೇಲೆ ಸಾಧಿಸಬೇಕೆಂದರೆ ಆ ಎರಡೆರಡೇ ಸಾಕು. ಏಕೆಂದರೆ ಸಾಧಾರಣ ಗಾಂಧಾರದಿಂದ ಕೆಳಗಿನ ಶುದ್ಧ ರಿಷಭಕ್ಕೂ ಮೇಲಿನ ಶುದ್ಧ ಮಧ್ಯಮಕ್ಕೂ ಇರುವ ಅಂತರ ಸರಿಯಾಗಿ ಅಷ್ಟೆ. ಆದರೆ ಯಂತ್ರಕ್ಕೆ ಒಪ್ಪಿಸಿದ ಸಮಕಂಪನದಿಂದ ಆ ಗಾಂಧಾರ ಬಾರದು. ವಿದ್ವಾಂಸರ ಮುದ್ರಿಕೆಯನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿದರೆ, ಕಂಠವು ಒಂದು ತುದಿಯಲ್ಲಿ ಕ್ಷಣಕಾಲ ತಂಗುವುದೂ, ಇನ್ನೊಂದನ್ನು ಸೋಕಿಯೂ ಸೋಕದಂತೆ ಹಿಂದಿರುಗುವುದೂ, ಪ್ರತಿ ಸಲವೂ ಕಾಲ ತುಸು ಬೇರೆಯಾಗುವುದೂ ತಿಳಿಯುತ್ತದೆ. ಆ ಅಸಮತೆಯನ್ನು ಬೆರಳಿನಿಂದ ಚಕ್ರದ ಮೇಲೆ ತಂದು, ಮುದ್ರಿಸಿ, ಮೂಲದೊಡನೆ ಹೋಲಿಸಿ, ತಿದ್ದಿ ಮತ್ತೆ ಮುದ್ರಿಸುವುದು ಹಲವು ವಾರಗಳ ಅಭ್ಯಾಸ. ಅದಾದ ಮೇಲೆ ಅದೇ ಬಾಗನ್ನು ಗರಗಸದ ಅಲೆಗೋ ಹಿತ್ತಾಳೆಯ ತಟ್ಟೆಯ ಅನುರಣನಕ್ಕೋ ಅಳವಡಿಸಿ ನೋಡಬಹುದು.