ಸೈನಿಕ ಪದಕ, ಬ್ಯಾಡ್ಜುಗಳ ಕಾಲನಿರ್ಣಯ

ಸೈನಿಕರ ಟೋಪಿ ಬ್ಯಾಡ್ಜು, ಗುಂಡಿ, ಪದಕಗಳ ಮೇಲೆ ಅವು ತಯಾರಾದ ಇಸವಿ ಇರುವುದು ಅಪರೂಪ. ಪದಕದ ಮೇಲೆ ಕಾಣುವ ಇಸವಿ ಸಾಮಾನ್ಯವಾಗಿ ಯುದ್ಧದ್ದು. ಹಾಗಾಗಿ ಲಾಂಛನ, ಅಂಚಿನ ಬರಹ, ಅಳತೆ, ತಯಾರಿಕೆಯ ವಿಧಾನ ಹಾಗೂ ವಸ್ತು ಇವುಗಳಿಂದಲೇ ಕಾಲವನ್ನು ನಿರ್ಣಯಿಸಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಲಾಂಛನ. ಮೈಸೂರು ಸಂಸ್ಥಾನದ್ದು ಗಂಡಭೇರುಂಡ, ಬ್ರಿಟಿಷರದು ಕಿರೀಟ. 1902ರ ನಂತರದ ರಾಜರ ಕಾಲದ ಕಿರೀಟದಲ್ಲಿ ಕಮಾನುಗಳು ದುಂಡಗೆ ಉಬ್ಬಿವೆ. ಎರಡನೇ ಎಲಿಜಬೆತ್ ರಾಣಿಯ ಕಾಲದ ಕಿರೀಟದಲ್ಲಿ ಅವು ನಡುವೆ ತಗ್ಗಿವೆ. ಭಾರತ 1950ರ ಜನವರಿ 26ರಂದೇ ಗಣರಾಜ್ಯವಾಯಿತು, ರಾಣಿ ಪಟ್ಟಕ್ಕೆ ಬಂದದ್ದು 1952ರಲ್ಲಿ. ಆದ್ದರಿಂದ ಭಾರತೀಯ ರೆಜಿಮೆಂಟಿನ ಹೆಸರಿನ ಜೊತೆ ತಗ್ಗು ಕಮಾನಿನ ಕಿರೀಟವಿದ್ದರೆ ಆ ಬ್ಯಾಡ್ಜನ್ನು ಅನುಮಾನಿಸಬೇಕು. ಸಂಧಿಕಾಲದ ಸ್ಪಷ್ಟ ಗುರುತು 1947ರ ಸ್ವಾತಂತ್ರ್ಯ ಪದಕ: ಒಂದು ಬದಿಯಲ್ಲಿ ಅಶೋಕ ಚಕ್ರ, ಅದರ ಮೇಲೆ ಕಿರೀಟ; ಇನ್ನೊಂದು ಬದಿಯಲ್ಲಿ ಅಶೋಕನ ಸಿಂಹಗಳು. ಗಣರಾಜ್ಯವಾಗುವವರೆಗೆ ಆರನೇ ಜಾರ್ಜ್ ದೊರೆಯೇ ಔಪಚಾರಿಕವಾಗಿ ಭಾರತಕ್ಕೂ ರಾಜನಾಗಿದ್ದುದರಿಂದ ಚಕ್ರ, ಕಿರೀಟ ಎರಡೂ ಒಂದೇ ಪದಕದಲ್ಲಿ ಸೇರಿಕೊಂಡವು.

ಎರಡನೆಯದು ಅಂಚು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯು ಜೋಧ್‌ಪುರದ ಸವಾರರ ಜೊತೆಗೂಡಿ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದಿತು. ಆ ಮಹಾಯುದ್ಧದ ಬೆಳ್ಳಿ ಪದಕ 36 ಮಿಲಿಮೀಟರ್ ಅಗಲವಿದ್ದು, ಅಂಚಿನ ಮೇಲೆ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆಯನ್ನು ಅಚ್ಚೊತ್ತಲಾಗಿದೆ. ಎರಡನೇ ಮಹಾಯುದ್ಧದಲ್ಲಿ ಭಾರತೀಯರಿಗೆ ಹೆಸರಿರುವ ಪದಕಗಳು ಸಿಕ್ಕವು, ಬ್ರಿಟಿಷ್ ಸೈನಿಕರಿಗೆ ಸಾಮಾನ್ಯವಾಗಿ ಹೆಸರಿಲ್ಲದವು. ಹೆಸರಿನ ಭಾಗದಲ್ಲಷ್ಟೇ ಅಂಚು ತೆಳುವಾಗಿದ್ದರೆ ಹಳೆಯ ಹೆಸರನ್ನು ಉಜ್ಜಿ ಹೊಸದನ್ನು ಕೆತ್ತಿರುವ ಸಂಭವವಿದೆ.

ಅಳತೆಯ ಮಹತ್ವಕ್ಕೆ 1799ರ ಶ್ರೀರಂಗಪಟ್ಟಣ ಪದಕ ಒಳ್ಳೆಯ ನಿದರ್ಶನ. ಒಂದು ಬದಿಯಲ್ಲಿ ಹುಲಿಯನ್ನು ಮೆಟ್ಟಿದ ಸಿಂಹ, ಇನ್ನೊಂದರಲ್ಲಿ ಕೋಟೆಗೆ ನುಗ್ಗುವ ಸೈನ್ಯ. ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯ ಪದಕಗಳು 48 ಮಿಲಿಮೀಟರ್ ಅಗಲವಿದ್ದು, ದರ್ಜೆಗೆ ತಕ್ಕಂತೆ ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು ಮತ್ತು ತವರದಲ್ಲಿ ಬಂದವು. ಕಲ್ಕತ್ತಾ ಟಂಕಸಾಲೆಯವು 45 ಮಿಲಿಮೀಟರ್. ಅಲ್ಲಿ ಚಿನ್ನ, ಬೆಳ್ಳಿ ಮಾತ್ರ. ಹೀಗಾಗಿ 45 ಮಿಲಿಮೀಟರಿನ ತವರದ ಪದಕವು ಈ ಎರಡು ಗುಂಪಿಗೂ ಸೇರುವುದಿಲ್ಲ.

ಅಸಲಿ ಪದಕವನ್ನು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ತಯಾರಿಸುತ್ತಾರೆ; ಅಕ್ಷರಗಳ ಅಂಚು ಚೂಪಾಗಿಯೂ ಬಯಲು ನಯವಾಗಿಯೂ ಇರುತ್ತದೆ. ನಕಲನ್ನು ಹೆಚ್ಚಾಗಿ ಎರಕ ಹೊಯ್ದಿರುತ್ತಾರೆ. ಕರಗಿದ ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ, ಅಸಲಿಯಿಂದಲೇ ಅಚ್ಚು ತೆಗೆದ ನಕಲು ಅದಕ್ಕಿಂತ ತುಸು ಚಿಕ್ಕದಾಗುತ್ತದೆ. ಭೂತಗನ್ನಡಿಯಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಬದಿಯಲ್ಲಿ ಅರದಿಂದ ಉಜ್ಜಿದ ಗೆರೆ ಕಾಣಬಹುದು. ಲೋಹದ ಗುರುತಿಗೆ ಸಾಂದ್ರತೆ ನೆರವಾಗುತ್ತದೆ: ವಸ್ತುವನ್ನು ಮೊದಲು ಗಾಳಿಯಲ್ಲಿ, ಆಮೇಲೆ ದಾರದಿಂದ ನೀರಿನಲ್ಲಿ ಇಳಿಬಿಟ್ಟು ತೂಗಬೇಕು. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಬೆಳ್ಳಿಗೆ 10ಕ್ಕಿಂತ ಹೆಚ್ಚು, ಹಿತ್ತಾಳೆಗೆ ಸುಮಾರು 8.5 ಬರುತ್ತದೆ.

ಬಟ್ಟೆಯ ಬ್ಯಾಡ್ಜಿಗೆ ಬೇರೆ ಪರೀಕ್ಷೆ. ಅಮೆರಿಕದ ಟ್ಯಾಂಕ್ ದಳದ ತ್ರಿಕೋನ ಬ್ಯಾಡ್ಜಿನಲ್ಲಿ ಹಳದಿ ಅಶ್ವದಳವನ್ನು, ನೀಲಿ ಪದಾತಿದಳವನ್ನು, ಕೆಂಪು ಫಿರಂಗಿದಳವನ್ನು ಸೂಚಿಸುತ್ತದೆ. ಎರಡನೇ ಮಹಾಯುದ್ಧದ ಕಾಲದವು ಹೆಚ್ಚಾಗಿ ಹತ್ತಿ ನೂಲಿನವು. ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕಗಳು ವ್ಯಾಪಕವಾದದ್ದು ಆ ಯುದ್ಧದ ನಂತರ. ಅವು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಆದರೆ ಹಳೆಯ ಬಟ್ಟೆಯನ್ನು ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳಪು ಬರಬಹುದಾದ್ದರಿಂದ ಈ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ.

ಪರೀಕ್ಷೆಗೆ ಮುನ್ನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬಾರದು. ಹುಳಿಯ ಆಮ್ಲ ಹಳೆಯ ಕಿಲುಬಿನ ಪದರವನ್ನು ಕರಗಿಸುತ್ತದೆ, ಬೂದಿ ಅಂಚಿನ ಅಕ್ಷರಗಳನ್ನು ಸವೆಸುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.